ರಕ್ತದಲ್ಲಿ ಪ್ರತಿಕಾಯ ಇದೆ, ಹಾಗಾದರೆ ಹೊಟ್ಟೆಯ ಬ್ಯಾಕ್ಟೀರಿಯಾ ಹೋಯಿತೇ?

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ಎಚ್. ಪೈಲೊರಿ (ಹೊಟ್ಟೆಯಲ್ಲಿ ನೆಲೆಸುವ ಬ್ಯಾಕ್ಟೀರಿಯಾ) ಐಜಿಜಿ ಪಾಸಿಟಿವ್ ಬಂದಿದೆ, ಅಂದರೆ ಅದರ ವಿರುದ್ಧ ಶರೀರ ತಯಾರಿಸಿದ ಪ್ರತಿಕಾಯ ರಕ್ತದಲ್ಲಿದೆ. ನಿರೋಧಕ ಶಕ್ತಿ ಬಂದಾಯ್ತು ಅಂದಮೇಲೆ ಔಷಧ ಯಾಕೆ? ಖಾರ ಬಿಟ್ಟು ಮಜ್ಜಿಗೆ, ಮುರುಗಲ ಪಾನಕ ಕುಡಿದುಕೊಂಡಿದ್ದರೆ ಸಾಲದೇ? (ಶಿರಸಿ)

ಉತ್ತರ: ಈ ಸಲ ಶಿರಸಿ. ಹಿಂದೆ ಕುಮಟೆ, ಅದಕ್ಕೂ ಹಿಂದೆ ಕಾರವಾರ. ಊರು ಬದಲಾದರೂ ಪ್ರಶ್ನೆ ಬದಲಾಗಲಿಲ್ಲ.

ಪಾನಕದ ವಿಷಯ ಮೊದಲೇ ಮುಗಿಸಿಬಿಡೋಣ. ರುಚಿಗೆ ಕುಡಿಯಿರಿ, ಬ್ಯಾಕ್ಟೀರಿಯಾ ಅದರಿಂದ ಹೋಗುವುದಿಲ್ಲ. ಹೊಟ್ಟೆಯ ಆಮ್ಲದಲ್ಲೇ ಸುತ್ತಲಿನ ಆಮ್ಲವನ್ನು ತಣಿಸುವ ಯೂರಿಯೇಸ್ ಕಿಣ್ವದ ಬಲದಿಂದ ಸಂಸಾರ ಹೂಡಿದ ಜೀವಿಗೆ ಹುಳಿಯ ಭಯವಿಲ್ಲ. ಖಾರದಿಂದ ಈ ಸೋಂಕು ಬರುವುದೂ ಇಲ್ಲ.

ಈಗ ಆ ಹಟಮಾರಿ ನಂಬಿಕೆಗೆ ಬರೋಣ: ಪ್ರತಿಕಾಯ ಇದ್ದರೆ ಗೆದ್ದಂತೆ. ದಡಾರದಂಥ ಕಾಯಿಲೆಗೆ ಈ ಮಾತು ಸರಿ. ಇಲ್ಲಿ ಸಲ್ಲದು. ಪ್ರಯೋಗಾಲಯದ ಇಲಿಗಳು ಇದನ್ನು ಎಂದೋ ತೋರಿಸಿಕೊಟ್ಟಿವೆ.

ಪ್ರಯೋಗ ಹೀಗೆ. ಸಿ57ಬಿಎಲ್/6 ಎಂಬ ಕಪ್ಪು ಇಲಿಗೆ, 1997ರಲ್ಲಿ ಪ್ರಕಟವಾದ ಎಸ್‌ಎಸ್1 ತಳಿಯ ಸುಮಾರು 10 ಕೋಟಿಯಿಂದ 100 ಕೋಟಿ ಬ್ಯಾಕ್ಟೀರಿಯಾಗಳನ್ನು 0.1–0.2 ಮಿ.ಲೀ. ದ್ರವದಲ್ಲಿ ಬೆರೆಸಿ, ತುದಿಯಲ್ಲಿ ಗುಂಡಿರುವ ಸೂಜಿಯಿಂದ ನೇರ ಹೊಟ್ಟೆಗೆ ಇಳಿಸುತ್ತಾರೆ. ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ. ಸೂಜಿ ಶ್ವಾಸನಾಳಕ್ಕೆ ಹೋದರೆ ಇಲಿ ಸತ್ತಂತೆಯೇ. ಬ್ಯಾಕ್ಟೀರಿಯಾವನ್ನು ಬೆಳೆಸಲು 37 ಡಿಗ್ರಿ, ಸುಮಾರು 5% ಆಮ್ಲಜನಕ, 10% ಇಂಗಾಲದ ಡೈಆಕ್ಸೈಡ್ ಬೇಕು. ತಟ್ಟೆ ಹಳತಾದರೆ ಸುರುಳಿಯಾಕಾರದ ಜೀವಿ ಗುಂಡಗಾಗಿಬಿಡುತ್ತದೆ. ಹಾಗಾಗಿ ಕೊಡುವ ಮುನ್ನ ಸೂಕ್ಷ್ಮದರ್ಶಕದಲ್ಲಿ ಸುರುಳಿಗಳು ಸರಸರ ಓಡುತ್ತಿವೆಯೇ ಎಂದು ನೋಡಲೇಬೇಕು. ಇದನ್ನು ಬಿಟ್ಟವರು ಮುಂದೆ "ಸೋಂಕೇ ತಗಲಲಿಲ್ಲ" ಎಂದು ತಲೆ ಕೆರೆದುಕೊಳ್ಳುತ್ತಾರೆ.

ಕೆಲವು ವಾರಗಳಲ್ಲಿ ಇಲಿಯ ರಕ್ತದಲ್ಲಿ ಪ್ರತಿಕಾಯ ಏರುತ್ತದೆ. ಬ್ಯಾಕ್ಟೀರಿಯಾ ಮಾತ್ರ ತಿಂಗಳುಗಟ್ಟಲೆ ಅಲ್ಲೇ ಠಿಕಾಣಿ ಹೂಡಿರುತ್ತದೆ. ಎರಡೂ ಒಟ್ಟಿಗೇ ಇರುತ್ತವೆ ಮಾರಾಯ್ರೆ, ಇದನ್ನೇ ನಾನು ಪ್ರತಿ ಸಲ ಹೇಳುವುದು!

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಪ್ರತಿಕಾಯ ತಯಾರಿಸುವ ಬಿ ಕೋಶಗಳೇ ಇಲ್ಲದ ಇಲಿಗೆ ಲಸಿಕೆ ಕೊಟ್ಟು ಸೋಂಕು ತಗಲಿಸಿದರೆ? ಲಸಿಕೆ ಆಗಲೂ ಕೆಲಸ ಮಾಡುತ್ತದೆ. ಸಿಡಿ4 ಟಿ ಕೋಶಗಳು (ನಿರೋಧಕ ಪಡೆಯನ್ನು ಮುನ್ನಡೆಸುವ ಬಿಳಿ ರಕ್ತಕಣಗಳು) ಕೈಕೊಟ್ಟರೆ ಮಾತ್ರ ರಕ್ಷಣೆ ಸಿಗುವುದಿಲ್ಲ. ಟಿ, ಬಿ ಎರಡೂ ಇಲ್ಲದ ಇಲಿಯಲ್ಲಂತೂ ಬ್ಯಾಕ್ಟೀರಿಯಾ ತುಂಬಿ ತುಳುಕಿದರೂ ಜಠರದ ಗೋಡೆಯಲ್ಲಿ ಉರಿಯೂತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹೊರಗಿನಿಂದ ಸಿಡಿ4 ಕೋಶ ಕೊಟ್ಟರೆ ಬ್ಯಾಕ್ಟೀರಿಯಾ ತಗ್ಗುತ್ತದೆ, ಉರಿಯೂತ ಭುಗಿಲೇಳುತ್ತದೆ. ಹಂದಿ ಓಡಿಸಲು ಹೋದವರೇ ಗದ್ದೆ ತುಳಿದ ಹಾಗೆ. ಆದ್ದರಿಂದಲೇ ಶರೀರ ಉರಿಯೂತ ತಗ್ಗಿಸುವ ಐಎಲ್-10 ಎಂಬ ಪ್ರೋಟೀನ್ ಮತ್ತು ನಿಯಂತ್ರಕ ಟಿ ಕೋಶಗಳ ಮೂಲಕ ತಾನೇ ಬ್ರೇಕ್ ಹಾಕಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ.

ಹಾಗಾಗಿ ನಿಮ್ಮ ಐಜಿಜಿ ಪಾಸಿಟಿವ್ ಹೇಳುವುದು ಇಷ್ಟೇ: ಸೋಂಕು ಈಗ ಇದೆ, ಇಲ್ಲವೇ ಹಿಂದೆ ಇತ್ತು. ಔಷಧದಿಂದ ಬ್ಯಾಕ್ಟೀರಿಯಾ ಪೂರ್ತಿ ಹೋದ ಮೇಲೂ ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಪಾಸಿಟಿವ್ ಆಗಿಯೇ ಉಳಿಯಬಹುದು. ಈಗ ಇದೆಯೇ ಎಂದು ತಿಳಿಯಲು ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ ಪರೀಕ್ಷೆ ಮಾಡಿಸಿ. ಅದಕ್ಕೆ ಮೊದಲು 2 ವಾರ ಪ್ಯಾಂಟೊಪ್ರಜೋಲ್‌ನಂಥ ಗ್ಯಾಸಿನ ಮಾತ್ರೆ, 4 ವಾರ ಆ್ಯಂಟಿಬಯಾಟಿಕ್ ನಿಂತಿರಬೇಕು. ಇಲ್ಲದಿದ್ದರೆ ಸುಳ್ಳು ನೆಗೆಟಿವ್ ಬರುವುದುಂಟು. ಯಾವುದನ್ನೂ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಯಾರೂ ಕೇಳದ ಒಂದು ಮಾತು ಇನ್ನೂ ಇದೆ. ಇಷ್ಟೆಲ್ಲ ಆದರೂ ಆ ಇಲಿಗೆ ಅಲ್ಸರ್ ಆಗುವುದು ಅಪರೂಪ. ಅಲ್ಸರ್, ಕ್ಯಾನ್ಸರ್ ನೋಡಬೇಕೆಂದರೆ ಮಂಗೋಲಿಯನ್ ಜೆರ್ಬಿಲ್ ಎಂಬ ಇಲಿಯಂಥ ಪುಟ್ಟ ಪ್ರಾಣಿ ಬೇಕು. ಸೋಂಕಿನಿಂದ ಅದಕ್ಕೆ ಜಠರದ ಕ್ಯಾನ್ಸರ್ ಬಂದದ್ದು 1998ರಲ್ಲೇ ವರದಿಯಾಗಿದೆ. ಹಾಗಾದರೆ ಎಲ್ಲರೂ ಜೆರ್ಬಿಲ್ ಅನ್ನೇ ಏಕೆ ಬಳಸುವುದಿಲ್ಲ? ಇಲಿಯಲ್ಲಿ ಬೇಕಾದ ಜೀನ್ ತೆಗೆದ ತಳಿಗಳೂ, ಒಂದೊಂದು ಕೋಶವನ್ನು ಗುರುತಿಸುವ ರಾಸಾಯನಿಕಗಳೂ ಧಾರಾಳವಾಗಿ ಸಿಗುತ್ತವೆ. ಜೆರ್ಬಿಲ್‌ಗೆ ಅವು ತೀರಾ ಕಡಿಮೆ. ಹೀಗಾಗಿ ಹುಣ್ಣನ್ನು ಒಂದು ಪ್ರಾಣಿಯಲ್ಲಿ, ಅದರ ಹಿಂದಿನ ಟಿ ಕೋಶಗಳ ಆಟವನ್ನು ಇನ್ನೊಂದರಲ್ಲಿ ನೋಡಬೇಕಾಗಿ ಬಂದಿದೆ.