ಬಾಟಲಿಯೊಳಗಿನ ಕಲ್ಲು, ಸರ್ಟಿಫಿಕೇಟಿನ ಮೇಲಿನ ಅಂಕಿ

ಕಲ್ಲಿನಲ್ಲಿ ಯಾವ ಧಾತು ಎಷ್ಟಿದೆ ಎಂದು ಮೆಷಿನ್ ನೇರವಾಗಿ ಹೇಳುವುದಿಲ್ಲ. ಎಕ್ಸ್-ರೇ ಬಿಟ್ಟು ಅಳೆಯುವ ಎಕ್ಸ್‌ಆರ್‌ಎಫ್ ಆಗಲಿ, ಪ್ಲಾಸ್ಮಾದಲ್ಲಿ ಅಯಾನು ಮಾಡಿ ತೂಕದ ಪ್ರಕಾರ ಎಣಿಸುವ ಐಸಿಪಿ-ಎಂಎಸ್ ಆಗಲಿ, ಕೊಡುವುದು ಬರೀ ಸಿಗ್ನಲ್. ಅದನ್ನು ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ) ಲೆಕ್ಕಕ್ಕೆ ತರಬೇಕಾದರೆ, ಒಳಗೇನಿದೆ ಎಂದು ಮೊದಲೇ ಗೊತ್ತಿರುವ ಕಲ್ಲಿನ ಪುಡಿಯೊಂದು ಪಕ್ಕದಲ್ಲಿರಬೇಕು. ಅದೇ ರೆಫರೆನ್ಸ್ ಮೆಟೀರಿಯಲ್. ಸರಿ, ಆ ಪುಡಿಯಲ್ಲಿ ಎಷ್ಟಿದೆ ಎಂದು ಹೇಳಿದವರು ಯಾರು? ಗೋಜಲು ಶುರುವಾಗುವುದೇ ಇಲ್ಲಿ.

ಇಂಥ ಪುಡಿಗಾಗಿ ಅಮೆರಿಕದ ರೋಡ್ ಐಲೆಂಡಿನ ವೆಸ್ಟರ್ಲಿಯಿಂದ ಗ್ರಾನೈಟ್, ವರ್ಜೀನಿಯಾದ ಸೆಂಟರ್‌ವಿಲ್‌ನಿಂದ ಡಯಾಬೇಸ್ ಎಂಬ ಕಪ್ಪು ಅಗ್ನಿಶಿಲೆ ತಂದು ಪುಡಿ ಮಾಡಿದರು. ಒಂದಕ್ಕೆ ಜಿ-1, ಇನ್ನೊಂದಕ್ಕೆ ಡಬ್ಲ್ಯೂ-1 ಎಂದು ಹೆಸರಿಟ್ಟು, ಬಾಟಲಿಗೆ ತುಂಬಿ ಹಲವು ಲ್ಯಾಬ್‌ಗಳಿಗೆ ಕಳಿಸಿದರು. ಕರಗಿಸಿ, ಸೋಸಿ, ಸುಟ್ಟು, ತೂಗುವ ಕಾಲ ಅದು. ಕೆಲಸ ಮಾಡಿದವರೆಲ್ಲ ಪಳಗಿದ ಕೈಗಳೇ. 1951ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೆ ಫಲಿತಾಂಶ ಪ್ರಕಟಿಸಿದಾಗ ಎಲ್ಲರಿಗೂ ಮುಜುಗರ. ಒಂದೇ ಪುಡಿ, ಉತ್ತರ ಮಾತ್ರ ಬೇರೆ ಬೇರೆ. ಜಿ-1ರಲ್ಲಿ ನೂರಕ್ಕೆ 72ರಷ್ಟಿರುವ ಸಿಲಿಕಾ ವಿಷಯದಲ್ಲೂ ಒಮ್ಮತ ಇರಲಿಲ್ಲ! ಒಂದೇ ಲ್ಯಾಬಿನಲ್ಲಿ ನಾಲ್ಕು ಸಲ ಅಳೆದಾಗ ಒಂದೇ ಉತ್ತರ ಬಂದರೆ ಸರಿಯಾಗಿದೆ ಎಂದುಕೊಳ್ಳುತ್ತೇವೆ ಅಲ್ವಾ? ಒಂದೇ ತಪ್ಪು ನಾಲ್ಕು ಸಲ ಆಗಿರಲೂಬಹುದು.

1960ರ ದಶಕದಲ್ಲಿ ಜಿ-1 ಮುಗಿಯಿತು, ಅದರ ಜಾಗಕ್ಕೆ ಜಿ-2, ಜೊತೆಗೆ ಬಸಾಲ್ಟ್ (ಲಾವಾ ಗಟ್ಟಿಯಾದ ಕಪ್ಪು ಕಲ್ಲು) ಪುಡಿ ಬಿಸಿಆರ್-1 ಬಂದವು, ಜಪಾನ್, ಫ್ರಾನ್ಸ್ ತಮ್ಮದೇ ಪುಡಿ ಮಾಡಿದವು, 1977ರಲ್ಲಿ ಇದಕ್ಕೆಂದೇ ಒಂದು ಪತ್ರಿಕೆ ಹುಟ್ಟಿತು, 1994ರ ಒಂದು ಪಟ್ಟಿಯಲ್ಲಂತೂ 383 ಪುಡಿಗಳಿದ್ದವು.

ಅಂಕಿ ನಿಗದಿಯಾಗುತ್ತಿದ್ದುದು ಬಹುಮಟ್ಟಿಗೆ ಲ್ಯಾಬ್‌ಗಳ ಉತ್ತರಗಳನ್ನು ಗುಡ್ಡೆ ಹಾಕಿ, ಜಾಸ್ತಿ ಜನ ಹೇಳಿದ್ದರ ಸುತ್ತ. ಬೇರೆ ದಾರಿಯೂ ಹೆಚ್ಚು ಇರಲಿಲ್ಲ ಅನ್ನಿ. ಆದರೆ ಜಿರ್ಕೋನಿಯಂ ಧಾತು ಅಡಗಿರುವ ಗ್ರಾನೈಟಿನ ಜಿರ್ಕಾನ್ ಹರಳು ಮಾಮೂಲಿ ಆಸಿಡ್‌ಗೆ ಸುಲಭಕ್ಕೆ ಕರಗುವುದಿಲ್ಲ. ಬೀಕರಿನ ತಳದಲ್ಲಿ ಹಾಗೇ ಕೂತಿರುತ್ತದೆ. ಹತ್ತು ಲ್ಯಾಬ್‌ಗಳೂ ಅದೇ ಆಸಿಡ್ ಬಳಸಿದರೆ ಹತ್ತಕ್ಕೂ ಜಿರ್ಕೋನಿಯಂ ಕಡಿಮೆಯೇ ಬರುತ್ತದೆ. ಸರಾಸರಿ ಮಾತ್ರ ಚೆನ್ನಾಗಿ ಕೂಡಿಬರುತ್ತದೆ.

ಪುಡಿ ಮಾಡುವಾಗಲೂ ಎಡವಟ್ಟಾಗುತ್ತದೆ. ಬಿಸಿಆರ್-1 ಮುಗಿದ ಮೇಲೆ ಅದೇ ಕೊಲಂಬಿಯಾ ನದಿ ಸೀಮೆಯ ಬಸಾಲ್ಟಿನಿಂದ ಬಿಸಿಆರ್-2 ಮಾಡಿದರು. ಹಳೆಯದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ 2 ಪಿಪಿಎಂಗೂ ಕಡಿಮೆ. ಹೊಸದರಲ್ಲಿ ಸುಮಾರು 250! ಕಲ್ಲು ಬದಲಾಗಿರಲಿಲ್ಲ, ಅರೆಯುವ ಹಂತದಲ್ಲಿ ಸೇರಿಕೊಂಡದ್ದು. ಹೆಸರಿನ ಕೊನೆಯ ಅಂಕಿ ಮಾತ್ರ ಬದಲಾಗಿದೆ, ಪುಡಿ ಅದೇ ಎಂದುಕೊಳ್ಳುವುದು ಸ್ವಲ್ಪ ದುಬಾರಿ ನಂಬಿಕೆ.

ಈಗ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒದ ನಿಯಮಗಳಿವೆ. ಸರ್ಟಿಫೈಡ್ ಅಂಕಿಗೆ ಎಷ್ಟು ಹೆಚ್ಚು-ಕಮ್ಮಿ (±) ಎಂದು ಪಕ್ಕದಲ್ಲೇ ಬರೆಯಬೇಕು. ಖಾತ್ರಿಯಿಲ್ಲದ್ದನ್ನು 'ಮಾಹಿತಿಗಾಗಿ' ಎಂದು ಬೇರೆ ಕಾಲಮ್ಮಿನಲ್ಲಿ ಹಾಕುತ್ತಾರೆ. ಸರ್ಟಿಫಿಕೇಟಿನಿಂದ ಎಕ್ಸೆಲ್ ಶೀಟಿಗೆ ಇಳಿಸುವಾಗ ಎರಡೂ ಕಾಲಮ್ ಒಂದಾಗುತ್ತವೆ, ± ಗುರುತು ಹೇಳದೆ ಕೇಳದೆ ಬಿದ್ದುಹೋಗುತ್ತದೆ.