ಜೈಂಟ್ಸ್ ಅಭಿಮಾನಿಯ ಬಯಕೆಪಟ್ಟಿ: ನನ್ನ ಲೆಕ್ಕ ತಪ್ಪಿದ್ದು ಎಲ್ಲಿ?

ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಬೇಸ್‌ಬಾಲ್ ತಂಡ 2025ರ ಋತುವನ್ನು 81 ಗೆಲುವು, 81 ಸೋಲುಗಳೊಂದಿಗೆ ಮುಗಿಸಿತು. 2022ರಲ್ಲಿಯೂ ಅಂಕಿ ಇದೇ ಆಗಿತ್ತು. ನಡುವಿನ ಎರಡು ವರ್ಷಗಳಲ್ಲಿ ಗೆದ್ದದ್ದು 79 ಮತ್ತು 80. ಅದಕ್ಕೂ ಹಿಂದೆ, 2021ರಲ್ಲಿ, ಇದೇ ತಂಡ 107 ಪಂದ್ಯ ಗೆದ್ದಿತ್ತು ಎಂಬುದು ಈಗ ಹಳೆಯ ಕಥೆಯಂತೆ ಕೇಳಿಸುತ್ತದೆ. ಪೂರ್ತಿ ಸೋಲುವ ತಂಡದ ಅಭಿಮಾನಿ ಆಸೆಯನ್ನೇ ಬಿಟ್ಟಿರುತ್ತಾನೆ. ಸರಿಯಾಗಿ ಅರ್ಧ ಗೆಲ್ಲುವ ತಂಡದ ಅಭಿಮಾನಿಗೆ ಮಾತ್ರ ಇನ್ನೊಬ್ಬ ಆಟಗಾರ ಬಂದರೆ ಸಾಕು ಎಂಬ ಆಸೆ ಪ್ರತಿ ಚಳಿಗಾಲದಲ್ಲಿಯೂ ಹುಟ್ಟುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಕ್ಕೆ ಕೆಲಸಕ್ಕೆ ಬಂದ ಮೇಲೆ ಈ ಆಟವನ್ನು ಕಲಿತವನು ನಾನು. 2025ರ ನವೆಂಬರಿನಲ್ಲಿ ಮುಂದಿನ ವರ್ಷಕ್ಕೆ ತಂಡಕ್ಕೆ ಬೇಕಾದವರ ಪಟ್ಟಿಯೊಂದನ್ನು ಬರೆದು, ಇಲ್ಲಿಯೇ ಹುಟ್ಟಿ ಬೆಳೆದ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ಹೆಸರುಗಳ ಬಗ್ಗೆ ಏನನ್ನೂ ಹೇಳದೆ, ಪಕ್ಕದಲ್ಲಿ ನಾನು ಬರೆದಿದ್ದ ಹಣದ ಅಂಕಿಗಳ ಮೇಲೆ ಬೆರಳಿಟ್ಟು, ಕೂಡಿಸಿರುವುದೇ ತಪ್ಪು ಎಂದರು. ಆ ತಪ್ಪನ್ನು ಅರ್ಥ ಮಾಡಿಕೊಳ್ಳಲು ಎರಡು ವಾರ ಹಿಡಿಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಪಿಚರ್ ಎಂದರೆ ಚೆಂಡು ಎಸೆಯುವವನು, ಬುಲ್‌ಪೆನ್ ಎಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳ ಗುಂಪು, ಹೋಮ್ ರನ್ ಎಂದರೆ ಹೆಚ್ಚುಕಡಿಮೆ ನಮ್ಮ ಸಿಕ್ಸರ್ ಎಂದು ತಿಳಿದಿದ್ದರೆ ಸಾಕು.

ಯಾರನ್ನು ಬಯಸಬಹುದು

ಐಪಿಎಲ್ ನೋಡಿ ಬೆಳೆದವರಿಗೆ ಮೊದಲು ಬರುವ ಅನುಮಾನ, ಎಲ್ಲರನ್ನೂ ಹರಾಜಿಗೆ ಏಕೆ ಹಾಕುವುದಿಲ್ಲ ಎಂಬುದು. ಇಲ್ಲಿ ಹರಾಜು ಎಂಬುದೇ ಇಲ್ಲ. ಆಟಗಾರ ಪ್ರಧಾನ ಲೀಗಿನಲ್ಲಿ ಆರು ವರ್ಷಗಳ ಸೇವೆ ಮುಗಿಸುವವರೆಗೆ ತನ್ನ ತಂಡದ ಹಿಡಿತದಲ್ಲಿರುತ್ತಾನೆ. 172 ದಿನ ತಂಡದಲ್ಲಿದ್ದರೆ ಅದು ಒಂದು ವರ್ಷದ ಸೇವೆ. ಮೊದಲ ಮೂರು ವರ್ಷ ಹೆಚ್ಚುಕಡಿಮೆ ಕನಿಷ್ಠ ಸಂಬಳ (2025ರಲ್ಲಿ 7.6 ಲಕ್ಷ ಡಾಲರ್), ಮುಂದಿನ ಮೂರು ವರ್ಷ ಆರ್ಬಿಟ್ರೇಷನ್ (ಸಂಬಳದ ಬಗ್ಗೆ ಒಮ್ಮತ ಬಾರದಿದ್ದರೆ ತೀರ್ಪುಗಾರರು ನಿರ್ಧರಿಸುವ ಪದ್ಧತಿ), ಆಮೇಲೆ ಆತ ಫ್ರೀ ಏಜೆಂಟ್, ಅಂದರೆ ತನಗೆ ಬೇಕಾದ ತಂಡದೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು. ಬೇರೆ ತಂಡದ ಹಿಡಿತದಲ್ಲಿರುವವನು ಬೇಕಾದರೆ ನಮ್ಮವರನ್ನು ಕೊಟ್ಟು ವಿನಿಮಯ ಮಾಡಿಕೊಳ್ಳಬೇಕು.

ಆರ್ಬಿಟ್ರೇಷನ್ ವಿಷಯದಲ್ಲಿ ನೆನಪಿಡಬೇಕಾದದ್ದು ಇಷ್ಟೇ: ಆಟಗಾರ ಒಂದು ಅಂಕಿ, ತಂಡ ಒಂದು ಅಂಕಿ ಕೊಡುತ್ತವೆ, ತೀರ್ಪುಗಾರರು ಎರಡರಲ್ಲಿ ಒಂದನ್ನು ಆರಿಸುತ್ತಾರೆಯೇ ಹೊರತು ನಡುವಿನ ಅಂಕಿಗೆ ಇಳಿಯುವುದಿಲ್ಲ. 2023ರಲ್ಲಿ ಲೋಗನ್ ವೆಬ್ 48 ಲಕ್ಷ ಕೇಳಿದರು, ಜೈಂಟ್ಸ್ 46 ಲಕ್ಷ ಎಂದಿತು, ಜೈಂಟ್ಸ್ ಗೆದ್ದಿತು. ಎರಡು ಲಕ್ಷಕ್ಕಾಗಿ ತನ್ನ ಅತ್ಯುತ್ತಮ ಪಿಚರ್ ಜೊತೆ ವಾದಕ್ಕೆ ಕುಳಿತ ತಂಡ, ಅದೇ ಏಪ್ರಿಲಿನಲ್ಲಿ ಆತನಿಗೆ ಐದು ವರ್ಷಕ್ಕೆ 9 ಕೋಟಿ ಡಾಲರ್ ಕೊಟ್ಟಿತು. ಇದರ ತರ್ಕ ನನಗೆ ಇನ್ನೂ ಪೂರ್ತಿ ಹಿಡಿಸಿಲ್ಲ.

ನಾನು ಎಡವಿದ ಮೆಟ್ಟಿಲು: ಸಂಬಳ ಬೇರೆ, ತೆರಿಗೆಯ ಸಂಬಳ ಬೇರೆ

ಬೇಸ್‌ಬಾಲಿನಲ್ಲಿ ಐಪಿಎಲ್‌ನಂತೆ ಇಷ್ಟೇ ಖರ್ಚು ಮಾಡಬೇಕೆಂಬ ಕಟ್ಟುನಿಟ್ಟಿನ ಮಿತಿಯಿಲ್ಲ. ಬದಲಾಗಿ ಒಂದು ಗೆರೆಯಿದೆ. ದಾಟಿದವರು ದಂಡ ಕಟ್ಟಬೇಕು. ಜನ ಇದನ್ನು ಲಕ್ಷುರಿ ಟ್ಯಾಕ್ಸ್ ಎನ್ನುತ್ತಾರೆ. ಆ ಗೆರೆ 2024ರಲ್ಲಿ 23.7 ಕೋಟಿ ಡಾಲರ್, 2025ರಲ್ಲಿ 24.1 ಕೋಟಿ, 2026ಕ್ಕೆ 24.4 ಕೋಟಿ. ಮೊದಲ ಸಲ ದಾಟಿದರೆ ಗೆರೆಯ ಮೇಲಿನ ಹಣಕ್ಕೆ ಶೇ 20, ಸತತ ಎರಡನೆಯ ವರ್ಷ ಶೇ 30, ಮೂರನೆಯ ವರ್ಷದಿಂದ ಶೇ 50. ಒಂದು ವರ್ಷ ಗೆರೆಯ ಕೆಳಗೆ ಇಳಿದರೆ ದರ ಮತ್ತೆ ಶೇ 20ಕ್ಕೆ ಬರುತ್ತದೆ. ಎರಡು ಕೋಟಿಗಿಂತ ಹೆಚ್ಚು ಮೀರಿದವರಿಗೆ ಬೇರೆ ಹೆಚ್ಚುವರಿ ದರಗಳಿವೆ; ಜೈಂಟ್ಸ್ ಅಷ್ಟು ದೂರ ಹೋಗುವ ಲಕ್ಷಣವಿಲ್ಲದ್ದರಿಂದ ಅವನ್ನು ಬಿಟ್ಟಿದ್ದೇನೆ.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಹೋದದ್ದು, ಆ ಗೆರೆಯ ಎದುರು ನಿಲ್ಲಿಸುವ ಅಂಕಿ ಯಾವುದು ಎಂಬುದು. ಆಟಗಾರನಿಗೆ ಈ ವರ್ಷ ಕೈಗೆ ಸಿಗುವ ಹಣವೇ ಅದು ಎಂದು ನಾನು ತಿಳಿದಿದ್ದೆ. ಅಲ್ಲ. ಒಪ್ಪಂದದ ಒಟ್ಟು ಖಚಿತ ಮೊತ್ತವನ್ನು ಒಪ್ಪಂದದ ವರ್ಷಗಳಿಂದ ಭಾಗಿಸಿದಾಗ ಬರುವ ಸರಾಸರಿಯೇ ತೆರಿಗೆಯ ಲೆಕ್ಕಕ್ಕೆ ಬರುವ ಅಂಕಿ, ಮತ್ತು ಅದು ಎಲ್ಲ ವರ್ಷವೂ ಒಂದೇ ಇರುತ್ತದೆ.

ಕೊರಿಯಾದಿಂದ ಬಂದ ಜಂಗ್ ಹೂ ಲೀ ಅವರ ಒಪ್ಪಂದವನ್ನು ತೆಗೆದುಕೊಳ್ಳೋಣ. 2023ರ ಡಿಸೆಂಬರಿನಲ್ಲಿ ಆರು ವರ್ಷಕ್ಕೆ 11.3 ಕೋಟಿ. ಅದು ಹಂಚಿಕೆಯಾದ ರೀತಿ ಹೀಗೆ: ಸಹಿ ಹಾಕಿದ್ದಕ್ಕೆ 50 ಲಕ್ಷ, 2024ಕ್ಕೆ 70 ಲಕ್ಷ, 2025ಕ್ಕೆ 1.6 ಕೋಟಿ, 2026 ಮತ್ತು 2027ಕ್ಕೆ ತಲಾ 2.2 ಕೋಟಿ, ಕೊನೆಯ ಎರಡು ವರ್ಷಕ್ಕೆ ತಲಾ 2.05 ಕೋಟಿ. ಕೂಡಿಸಿ ನೋಡಿ, 11.3 ಕೋಟಿ ಸರಿಯಾಗಿ ಬರುತ್ತದೆ. ಇದನ್ನು ಆರರಿಂದ ಭಾಗಿಸಿದರೆ ಸುಮಾರು 1.88 ಕೋಟಿ. 2024ರಲ್ಲಿ ಅವರ ಸಂಬಳ 70 ಲಕ್ಷವೇ ಆದರೂ ತೆರಿಗೆಯ ಪುಸ್ತಕದಲ್ಲಿ ಬರೆದದ್ದು 1.88 ಕೋಟಿ. 2026ರಲ್ಲಿ 2.2 ಕೋಟಿ ಕೊಟ್ಟರೂ ಪುಸ್ತಕದಲ್ಲಿ ಅದೇ 1.88. ನಾನು ಪಟ್ಟಿಯಲ್ಲಿ 2.2 ಎಂದು ಬರೆದು, ಇಲ್ಲದ 32 ಲಕ್ಷವನ್ನು ತಂಡದ ತಲೆಗೆ ಕಟ್ಟಿದ್ದೆ. ಉಳಿದವರ ವಿಷಯದಲ್ಲಿಯೂ ಇದೇ ತಪ್ಪು, ಕೆಲವೆಡೆ ಮೇಲಕ್ಕೆ, ಕೆಲವೆಡೆ ಕೆಳಕ್ಕೆ. (ಲೀ ಅವರ ಹಿಂದಿನ ಕೊರಿಯಾ ತಂಡಕ್ಕೆ ಜೈಂಟ್ಸ್ ಪ್ರತ್ಯೇಕವಾಗಿ ಕೊಟ್ಟ 1.88 ಕೋಟಿಯ ಬಿಡುಗಡೆ ಶುಲ್ಕ ತೆರಿಗೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಎರಡೂ 1.88 ಆಗಿರುವುದು ಕೇವಲ ಕಾಕತಾಳೀಯ. ಇದರಿಂದಲೇ ನಾನು ಒಂದು ಸಂಜೆಯಿಡೀ ಗೊಂದಲದಲ್ಲಿದ್ದೆ.)

ಇದನ್ನು ಮನದಟ್ಟು ಮಾಡಿಕೊಳ್ಳಲು ನಾನು ಕಂಡುಕೊಂಡ ದಾರಿಯೆಂದರೆ, ತಂಡಕ್ಕೆ ಎರಡು ಪುಸ್ತಕಗಳಿವೆ ಎಂದು ಭಾವಿಸುವುದು. ಒಂದು ನಗದಿನ ಪುಸ್ತಕ. ಮಾಲೀಕರ ಜೇಬಿನಿಂದ ಈ ವರ್ಷ ಎಷ್ಟು ಹೋಯಿತು ಎಂಬುದು ಅಲ್ಲಿರುತ್ತದೆ. ಇನ್ನೊಂದು ಸರಾಸರಿಯ ಪುಸ್ತಕ. ಲೀಗಿನ ಕಚೇರಿ ನೋಡುವುದು ಅದನ್ನು ಮಾತ್ರ. ಮೊದಲ ವರ್ಷ ಕಡಿಮೆ ಕೊಟ್ಟು ಆಮೇಲೆ ಹೆಚ್ಚು ಕೊಡೋಣ, ತೆರಿಗೆ ತಪ್ಪುತ್ತದೆ ಎಂಬ ಅಭಿಮಾನಿಗಳ ಸಲಹೆ ಮೊದಲ ಪುಸ್ತಕದಲ್ಲಿ ಮಾತ್ರ ನಿಜ. ತೆರಿಗೆಯ ಅಂಕಿಯನ್ನು ಇಳಿಸಬೇಕಾದರೆ ವರ್ಷಗಳನ್ನು ಹೆಚ್ಚಿಸಬೇಕು. ಮೂವತ್ತು ದಾಟಿದ ಆಟಗಾರರಿಗೂ ಏಳು, ಒಂಬತ್ತು ವರ್ಷಗಳ ಒಪ್ಪಂದ ಸಿಗುವುದಕ್ಕೆ ಇದೂ ಒಂದು ಕಾರಣ ಎಂದು ಈಗ ಅರ್ಥವಾಯಿತು. 2024ರ ಡಿಸೆಂಬರಿನಲ್ಲಿ ವಿಲ್ಲಿ ಅಡಾಮೆಸ್ ಅವರಿಗೆ ಏಳು ವರ್ಷಕ್ಕೆ ಕೊಟ್ಟ 18.2 ಕೋಟಿ ಪುಸ್ತಕದಲ್ಲಿ ವರ್ಷಕ್ಕೆ 2.6 ಕೋಟಿ. ಅದೇ ಹಣವನ್ನು ಐದು ವರ್ಷಕ್ಕೆ ಕೊಟ್ಟಿದ್ದರೆ 3.64 ಕೋಟಿ ಆಗುತ್ತಿತ್ತು.

ಇನ್ನೊಂದು ಸಣ್ಣ ವಿಷಯ ನನ್ನ ಪಟ್ಟಿಯಲ್ಲಿ ಪೂರ್ತಿ ಬಿಟ್ಟುಹೋಗಿತ್ತು. ಆಟಗಾರರ ಪಿಂಚಣಿ, ವಿಮೆ ಮುಂತಾದ ಸವಲತ್ತುಗಳ ಪಾಲು ಎಂದು ಪ್ರತಿ ತಂಡದ ಲೆಕ್ಕಕ್ಕೆ ಒಂದೂವರೆ ಕೋಟಿಗಿಂತ ಹೆಚ್ಚು ಸೇರುತ್ತದೆ. ಆರ್ಬಿಟ್ರೇಷನ್ ಹಂತಕ್ಕೆ ಬಾರದ ಯುವ ಆಟಗಾರರಿಗೆ ಬಹುಮಾನವಾಗಿ ಹಂಚುವ 5 ಕೋಟಿಯ ನಿಧಿಯಲ್ಲಿ ಮೂವತ್ತನೆಯ ಒಂದು ಪಾಲು, ಅಂದರೆ ಸುಮಾರು 16.7 ಲಕ್ಷವೂ ಸೇರುತ್ತದೆ. ನಾವು ಒಂದು ಹೆಸರನ್ನೂ ಬರೆಯುವ ಮೊದಲೇ ಒಬ್ಬ ಒಳ್ಳೆಯ ಪಿಚರ್‌ನ ಬೆಲೆ ಹೀಗೆ ಹೋಗಿರುತ್ತದೆ.

ಈಗ ಒಂದು ಕಲ್ಪಿತ ಲೆಕ್ಕ. ತಂಡದ ಸರಾಸರಿಯ ಪುಸ್ತಕ 2026ಕ್ಕೆ 24.2 ಕೋಟಿಯಲ್ಲಿದೆ, ಗೆರೆ 24.4ರಲ್ಲಿದೆ ಎಂದುಕೊಳ್ಳೋಣ. ಐದು ವರ್ಷಕ್ಕೆ 10 ಕೋಟಿ ಕೇಳುವ ಪಿಚರ್ ಬಂದರೆ ಪುಸ್ತಕಕ್ಕೆ 2 ಕೋಟಿ ಸೇರಿ 26.2 ಆಗುತ್ತದೆ. ಗೆರೆ ಮೀರಿದ್ದು 1.8 ಕೋಟಿ. ಶೇ 20ರ ದರದಲ್ಲಿ ದಂಡ 36 ಲಕ್ಷ. ಇದನ್ನು ನೋಡಿದ ಯಾವ ಅಭಿಮಾನಿಗಾದರೂ, ಇಷ್ಟು ಹಣವಿರುವ ಮಾಲೀಕರು 36 ಲಕ್ಷಕ್ಕೆ ಹೆದರುವುದೇಕೆ ಎಂದು ಕೋಪ ಬರುತ್ತದೆ. ನನಗೂ ಬಂತು. ಉತ್ತರ ಇರುವುದು ತೆರಿಗೆಯಲ್ಲಲ್ಲ, ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಪ್ರತಿ ವರ್ಷ ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯಲ್ಲಿ. ಅದನ್ನು ಕೆಳಗೆ ಬರೆದಿದ್ದೇನೆ.

ಮುಂದೂಡಿದ ಹಣ

ನಮ್ಮ ಎದುರಾಳಿ, ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ ಮಾಡಿದಂತೆ ಹಣವನ್ನು ಮುಂದಕ್ಕೆ ಹಾಕಿ ಎಂಬುದು ಪ್ರತಿ ಜೈಂಟ್ಸ್ ಅಭಿಮಾನಿಯ ಬಾಯಲ್ಲಿರುವ ಮಾತು. ಶೋಹೇ ಒಟಾನಿ ಅವರದು ಹತ್ತು ವರ್ಷಕ್ಕೆ 70 ಕೋಟಿಯ ಒಪ್ಪಂದ. ಆದರೆ ಆಡುವ ವರ್ಷಗಳಲ್ಲಿ ಸಿಗುವುದು ವರ್ಷಕ್ಕೆ 20 ಲಕ್ಷ ಮಾತ್ರ, ಉಳಿದ 6.8 ಕೋಟಿ ಪ್ರತಿ ವರ್ಷಕ್ಕೂ ಹತ್ತು ವರ್ಷ ತಡವಾಗಿ, 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ ಸಿಗುತ್ತದೆ. ತೆರಿಗೆಯ ಪುಸ್ತಕದಲ್ಲಿ ಇದು ವರ್ಷಕ್ಕೆ 7 ಕೋಟಿಯಲ್ಲ, ಸುಮಾರು 4.6 ಕೋಟಿ.

ಹೇಗೆ? ಬ್ಯಾಂಕಿನ ನಿಶ್ಚಿತ ಠೇವಣಿಯನ್ನು ತಿರುಗಿಸಿ ನೋಡಿದರೆ ಸಾಕು. ಶೇ 4.43ರ ಬಡ್ಡಿಯಲ್ಲಿ ಇಂದು ಇಟ್ಟ ಒಂದು ಡಾಲರ್ ಹತ್ತು ವರ್ಷದಲ್ಲಿ ಸುಮಾರು 1.54 ಡಾಲರ್ ಆಗುತ್ತದೆ. ಹಾಗಾದರೆ ಹತ್ತು ವರ್ಷದ ನಂತರ 6.8 ಕೋಟಿ ಬೇಕಾದರೆ ಇಂದು ಇಡಬೇಕಾದದ್ದು 6.8 ಭಾಗಿಸು 1.54, ಅಂದರೆ 4.4 ಕೋಟಿ. ಅದಕ್ಕೆ ಕೈಗೆ ಕೊಡುವ 20 ಲಕ್ಷ ಸೇರಿಸಿದರೆ 4.6. ಇದು ಕಣ್ಕಟ್ಟಲ್ಲ, ಒಟಾನಿ ಒಪ್ಪಿಕೊಂಡದ್ದು ನಿಜವಾಗಿಯೂ ಕಡಿಮೆ ಬೆಲೆಗೆ, 70 ಕೋಟಿ ಎಂಬುದು ಶೀರ್ಷಿಕೆಯ ಅಂಕಿ. ತಂಡವೂ ಆ ಹಣದ ಇಂದಿನ ಬೆಲೆಯನ್ನು ಎರಡು ವರ್ಷದೊಳಗೆ ಪ್ರತ್ಯೇಕವಾಗಿ ತೆಗೆದಿಡಬೇಕು. ಆದ್ದರಿಂದ ಹಣವನ್ನು ಮುಂದೂಡಿ ಎಂದು ಬಯಸುವವರು, ಕಡಿಮೆ ಬೆಲೆಗೆ ಒಪ್ಪುವ ಆಟಗಾರನನ್ನು ಹುಡುಕಿ ಎಂದೇ ಬಯಸುತ್ತಿದ್ದಾರೆ.

ಡ್ರಾಫ್ಟ್ ಎಂಬ ಎರಡನೆಯ ಬೆಲೆ

ಋತು ಮುಗಿದೊಡನೆ ತಂಡವು ತನ್ನ ಫ್ರೀ ಏಜೆಂಟ್‌ಗೆ ಒಂದು ವರ್ಷದ ನಿಗದಿತ ಪ್ರಸ್ತಾಪ ಇಡಬಹುದು. ಇದೇ ಕ್ವಾಲಿಫೈಯಿಂಗ್ ಆಫರ್. 2025ರ ಋತುವಿನ ನಂತರ ಅದು 2.2025 ಕೋಟಿ ಇತ್ತು. ಅದನ್ನು ನಿರಾಕರಿಸಿದವನನ್ನು ಬೇರೆ ತಂಡ ಕೊಂಡರೆ, ಕೊಂಡ ತಂಡ ಡ್ರಾಫ್ಟ್‌ನಲ್ಲಿ ತನ್ನ ಸರದಿಯನ್ನು ಕಳೆದುಕೊಳ್ಳುತ್ತದೆ. ಎಷ್ಟು ಕಳೆದುಕೊಳ್ಳುತ್ತದೆ ಎಂಬುದು ಹಿಂದಿನ ವರ್ಷ ಅದು ತೆರಿಗೆಯ ಗೆರೆ ದಾಟಿತ್ತೇ ಎಂಬುದನ್ನು ಅವಲಂಬಿಸಿದೆ. ಈ ಕೊಂಡಿ ಕಂಡ ಮೇಲೆಯೇ ನನಗೆ ಎಲ್ಲವೂ ಒಂದಾಗಿ ಕಾಣಿಸಿದ್ದು.

ಜೈಂಟ್ಸ್ ತಂಡದ ಎರಡು ಚಳಿಗಾಲಗಳೇ ಇದಕ್ಕೆ ಪಾಠ. 2024ರ ಆರಂಭದಲ್ಲಿ, ಬಯಸಿದ ದೊಡ್ಡ ಹೆಸರುಗಳೆಲ್ಲ ಕೈತಪ್ಪಿದ ಮೇಲೆ (ಆರನ್ ಜಡ್ಜ್ 2022ರಲ್ಲಿ ಯಾಂಕೀಸ್‌ನಲ್ಲಿಯೇ ಉಳಿದರು, ಕಾರ್ಲೋಸ್ ಕೊರಿಯಾ ಅವರೊಂದಿಗಿನ 35 ಕೋಟಿಯ ಮಾತುಕತೆ ವೈದ್ಯಕೀಯ ತಪಾಸಣೆಯಲ್ಲಿ ಮುರಿಯಿತು, ಒಟಾನಿ ಡಾಡ್ಜರ್ಸ್ ಸೇರಿದರು), ತಂಡ ಮ್ಯಾಟ್ ಚಾಪ್‌ಮನ್ ಮತ್ತು ಬ್ಲೇಕ್ ಸ್ನೆಲ್ ಅವರನ್ನು ತಡವಾಗಿ ಕೊಂಡಿತು. ಇಬ್ಬರೂ ಆ ಪ್ರಸ್ತಾಪ ನಿರಾಕರಿಸಿದವರು. ಎರಡು ಸರದಿ ಹೋಯಿತು, ಜೊತೆಗೆ ಆ ವರ್ಷ ತಂಡ ಗೆರೆಯನ್ನೂ ದಾಟಿತು. ದಂಡ ಸುಮಾರು 24 ಲಕ್ಷ. ಡಾಡ್ಜರ್ಸ್ ಅದೇ ವರ್ಷ 10 ಕೋಟಿಗಿಂತ ಹೆಚ್ಚು ಕಟ್ಟಿತ್ತು ಎಂಬುದನ್ನು ನೋಡಿದರೆ ಇದು ಏನೂ ಅಲ್ಲ. ಆದರೆ ಮುಂದಿನ ಚಳಿಗಾಲದಲ್ಲಿ, ಪ್ರಸ್ತಾಪ ನಿರಾಕರಿಸಿದ್ದ ಅಡಾಮೆಸ್ ಅವರನ್ನು ಕೊಂಡಾಗ, ಗೆರೆ ದಾಟಿದ ತಂಡವೆಂಬ ಕಾರಣಕ್ಕೆ ಎರಡನೆಯ ಸರದಿಯ ಜೊತೆಗೆ ಐದನೆಯದೂ ಹೋಯಿತು, ವಿದೇಶಿ ಯುವಕರನ್ನು ಸೇರಿಸಿಕೊಳ್ಳುವ ನಿಧಿಯಲ್ಲಿ 10 ಲಕ್ಷವೂ ಕಡಿತವಾಯಿತು. ದಾಟದೆ ಇದ್ದಿದ್ದರೆ ಒಂದು ಸರದಿ ಮತ್ತು 5 ಲಕ್ಷದಲ್ಲಿ ಮುಗಿಯುತ್ತಿತ್ತು.

ಸ್ನೆಲ್ ಅವರು ಆಗಸ್ಟ್ 2024ರಲ್ಲಿ ಸಿನ್ಸಿನಾಟಿಯಲ್ಲಿ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದ್ದನ್ನು ನೋಡಿದವನು ನಾನು, ಟಿವಿಯಲ್ಲಿ. ಆ ಸಂಜೆಯ ಬಗ್ಗೆ ನನಗೆ ದೂರಿಲ್ಲ. ಆದರೆ ಎರಡು ವರ್ಷದ ಒಪ್ಪಂದದಿಂದ ಒಂದೇ ವರ್ಷಕ್ಕೆ ಹೊರನಡೆದು ಅವರು ಡಾಡ್ಜರ್ಸ್ ಸೇರಿದಾಗ ಜೈಂಟ್ಸ್‌ಗೆ ಪರಿಹಾರವಾಗಿ ಏನೂ ಸಿಗಲಿಲ್ಲ, ಏಕೆಂದರೆ ಆ ಪ್ರಸ್ತಾಪವನ್ನು ಒಬ್ಬ ಆಟಗಾರನಿಗೆ ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು.

ಹೋಮ್ ರನ್ ಬಯಕೆ

ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತಂಡದ ತವರು ಮೈದಾನವಾದ ಓರೇಕಲ್ ಪಾರ್ಕ್‌ನಲ್ಲಿ ಬಲಗಡೆಯ ಗೋಡೆ ಎತ್ತರ, ಅದರ ಪಕ್ಕದ ಮೂಲೆ 415 ಅಡಿ ದೂರ, ಸಂಜೆಯ ಗಾಳಿ ತಂಪು. 2004ರಲ್ಲಿ ಬ್ಯಾರಿ ಬಾಂಡ್ಸ್ 45 ಹೊಡೆದ ನಂತರ ಋತುವೊಂದರಲ್ಲಿ 30 ಹೋಮ್ ರನ್ ಮುಟ್ಟಿದ ಜೈಂಟ್ಸ್ ಆಟಗಾರ ಸಿಕ್ಕಿದ್ದು 2025ರಲ್ಲಿ, ಅದೂ ಅಡಾಮೆಸ್. ಜೂನಿನಲ್ಲಿ ಬಾಸ್ಟನ್‌ನಿಂದ ಬಂದ ರಫಾಯೆಲ್ ಡೆವರ್ಸ್ ಕೂಡ ಇದ್ದಾರೆ. ಈ ಬಯಕೆ ಸದ್ಯಕ್ಕೆ ಈಡೇರಿದೆ ಎಂದೇ ನನ್ನ ಅಭಿಪ್ರಾಯ.

ತಿದ್ದಿದ ಪಟ್ಟಿ

ಜುಲೈ 2025ರಲ್ಲಿ ತಂಡ ಬುಲ್‌ಪೆನ್‌ನ ಕಮೀಲೊ ಡೊವಾಲ್ ಮತ್ತು ಟೈಲರ್ ರಾಜರ್ಸ್ ಇಬ್ಬರನ್ನೂ ನ್ಯೂಯಾರ್ಕಿನ ಎರಡು ತಂಡಗಳಿಗೆ (ಯಾಂಕೀಸ್ ಮತ್ತು ಮೆಟ್ಸ್) ಕೊಟ್ಟುಬಿಟ್ಟಿತು. ರ‍್ಯಾಂಡಿ ರೊಡ್ರಿಗೆಜ್ ಮೊಣಕೈ ಶಸ್ತ್ರಚಿಕಿತ್ಸೆಯಲ್ಲಿ ಹೋದರು. ಬುಲ್‌ಪೆನ್ ಬರಿದಾಗಿತ್ತು. ಆದ್ದರಿಂದ ನನ್ನ ಪಟ್ಟಿಯ ಮೇಲ್ಭಾಗದಲ್ಲಿದ್ದ ದೊಡ್ಡ ಹೆಸರುಗಳನ್ನು ಹೊಡೆದುಹಾಕಿ, ಚೆಂಡನ್ನು ನೆಲಕ್ಕೆ ತಾಗುವಷ್ಟು ಕೆಳಗಿನಿಂದ ಎಸೆಯುವ ಆ ರಾಜರ್ಸ್ ಅವರ ಹೆಸರನ್ನೇ ಬರೆದೆ. ಆಗ ಅವರು ಫ್ರೀ ಏಜೆಂಟ್ ಆಗಿದ್ದರು. ಋತುವಿನ ನಡುವೆ ತಂಡ ಬದಲಾದವರಿಗೆ ಕ್ವಾಲಿಫೈಯಿಂಗ್ ಆಫರ್ ಕೊಡುವಂತಿಲ್ಲ; ಹಾಗಾಗಿ ಅವರನ್ನು ಮರಳಿ ಕರೆತಂದರೆ ಡ್ರಾಫ್ಟ್‌ನಲ್ಲಿ ಒಂದು ಸರದಿಯೂ ಹೋಗುತ್ತಿರಲಿಲ್ಲ, ಅವರನ್ನು ಕೊಟ್ಟು ಮೆಟ್ಸ್‌ನಿಂದ ಪಡೆದ ಮೂವರು ಆಟಗಾರರೂ ನಮ್ಮಲ್ಲಿಯೇ ಉಳಿಯುತ್ತಿದ್ದರು. ಪಟ್ಟಿಯನ್ನು ಮತ್ತೆ ಸಹೋದ್ಯೋಗಿಗೆ ತೋರಿಸಿದೆ. ಈ ಸಲ ಅವರು ಅಂಕಿಗಳನ್ನು ಬಿಟ್ಟು ಹೆಸರಿನ ಮೇಲೆ ಬೆರಳಿಟ್ಟು, ಇದೇ ಲೆಕ್ಕವನ್ನು ಉಳಿದ 29 ತಂಡಗಳೂ ಮಾಡಿರುತ್ತವಲ್ಲ ಎಂದು ಕೇಳಿದರು.