ದಕ್ಷಿಣಕ್ಕೆ ಬೆನ್ನು ಹಾಕಿದ ಚಕ್ರವರ್ತಿ

ಬೀಜಿಂಗ್‌ನ ಅರಮನೆಯಲ್ಲಿ ಸಿಂಹಾಸನ ದಕ್ಷಿಣಕ್ಕೆ ಮುಖ ಮಾಡಿದೆ. ಚಕ್ರವರ್ತಿ ದಕ್ಷಿಣದ ಕಡೆ ನೋಡುತ್ತ ಕೂರಬೇಕು, ಮಂತ್ರಿಗಳು ಉತ್ತರದ ಕಡೆ ನೋಡುತ್ತ ಕೈಕಟ್ಟಿ ನಿಲ್ಲಬೇಕು. ಹಳೆಯ ಚೀನೀ ಭಾಷೆಯಲ್ಲಿ ‘ದಕ್ಷಿಣಕ್ಕೆ ಮುಖ ಮಾಡುವುದು’ ಎಂದರೆ ಆಳುವುದು ಎಂದೇ ಅರ್ಥ. ಆದರೆ ವರ್ಷದ ಅತಿ ಚಿಕ್ಕ ಹಗಲಿನ ದಿನ, ಡಿಸೆಂಬರ್ 22ರ ಆಸುಪಾಸಿನಲ್ಲಿ, ಸೂರ್ಯ ಹುಟ್ಟುವ ಮೊದಲೇ ಅದೇ ಚಕ್ರವರ್ತಿ ಊರಿನ ದಕ್ಷಿಣದಲ್ಲಿರುವ ಒಂದು ಕಲ್ಲು ಜಗಲಿಯ ಮೇಲೆ ಉತ್ತರಕ್ಕೆ ಮುಖ ಮಾಡಿ ಅಡ್ಡಬೀಳುತ್ತಿದ್ದ. ಆ ದಿನ ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಿದ್ದುದು ಆಕಾಶದೇವನ ಹೆಸರು ಬರೆದ ಫಲಕ.

ಆ ಜಾಗದ ಹೆಸರು ತಿಯೆನ್‌ತಾನ್. ನಾವು ಅದನ್ನು ‘ಸ್ವರ್ಗದ ದೇವಾಲಯ’ ಎನ್ನುತ್ತೇವೆ. ನಿಜಕ್ಕೂ ‘ತಾನ್’ ಎಂದರೆ ಗುಡಿಯಲ್ಲ, ಪೂಜೆಯ ಜಗಲಿ. ಆಕಾಶವನ್ನೇ ಪೂಜಿಸುವಾಗ ನಡುವೆ ಚಾವಣಿ ಏಕೆ? ಪ್ರವಾಸಿಗರು ಫೋಟೊ ತೆಗೆಯುವ ಮೂರು ಸೂರಿನ ನೀಲಿ ಮಂಟಪ ಸುಗ್ಗಿಯ ಪ್ರಾರ್ಥನೆಗಾಗಿ ಕಟ್ಟಿದ್ದು. ಅದು 1889ರಲ್ಲಿ ಸಿಡಿಲಿಗೆ ಸುಟ್ಟುಹೋಗಿ, ಆಮೇಲೆ ಮತ್ತೆ ಎದ್ದದ್ದು. ಚಳಿಗಾಲದ ಮಹಾಪೂಜೆ ನಡೆಯುತ್ತಿದ್ದುದು ಅಲ್ಲಲ್ಲ, ಅದರ ದಕ್ಷಿಣಕ್ಕಿರುವ ಬಯಲು ಜಗಲಿಯಲ್ಲಿ.

ಇದನ್ನು ದಕ್ಷಿಣದಲ್ಲೇ ಏಕೆ ಕಟ್ಟಿದರು? ಬೀಜಿಂಗ್ ಇರುವುದು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರಿನಲ್ಲಿ ವರ್ಷಕ್ಕೆರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಜೂನ್ ಹೊತ್ತಿಗೆ ಉತ್ತರಕ್ಕೂ ವಾಲುತ್ತಾನೆ. ಬೀಜಿಂಗ್‌ನಲ್ಲಿ ಹಾಗಿಲ್ಲ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಳಕು, ಬಿಸುಪು, ಅವರ ಮಾತಿನಲ್ಲಿ ‘ಯಾಂಗ್’, ಎಲ್ಲವೂ ಆ ದಿಕ್ಕಿನದೇ. ಡಿಸೆಂಬರ್‌ನ ಆ ದಿನ ನಡುಹಗಲಿನ ಸೂರ್ಯ ದಿಗಂತದಿಂದ ಬರೀ 27 ಡಿಗ್ರಿ ಎತ್ತರದಲ್ಲಿರುತ್ತಾನೆ. ಮರುದಿನದಿಂದ ಮತ್ತೆ ಮೇಲೇರತೊಡಗುತ್ತಾನೆ. ಯಾಂಗ್ ಮರಳಿ ಹುಟ್ಟುವ ಆ ಗಳಿಗೆಗೆ ಯಾಂಗ್‌ನ ದಿಕ್ಕಿನಲ್ಲೇ ಪೂಜೆ.

1420ರಲ್ಲಿ ಮಿಂಗ್ ವಂಶದ ಯೊಂಗ್‌ಲೆ ಚಕ್ರವರ್ತಿಯ ಕಾಲಕ್ಕೆ ಇಲ್ಲಿ ಕಟ್ಟಡ ಎದ್ದಾಗ ಆಕಾಶಕ್ಕೂ ಭೂಮಿಗೂ ಒಂದೇ ಕಡೆ ಪೂಜೆ ಸಲ್ಲುತ್ತಿತ್ತು. 1530ರಲ್ಲಿ ಜಿಯಾಜಿಂಗ್ ಚಕ್ರವರ್ತಿ ಎರಡನ್ನೂ ಬೇರ್ಪಡಿಸಿದ. ಆಕಾಶಕ್ಕೆ ದಕ್ಷಿಣದಲ್ಲಿ ದುಂಡು ಜಗಲಿ, ಭೂಮಿಗೆ ಉತ್ತರದಲ್ಲಿ ಚೌಕ ಜಗಲಿ, ಸೂರ್ಯನಿಗೆ ಪೂರ್ವ, ಚಂದ್ರನಿಗೆ ಪಶ್ಚಿಮ. ಇಡೀ ರಾಜಧಾನಿಯೇ ಒಂದು ದಿಕ್ಸೂಚಿಯಾಯಿತು. ಆಕಾಶ ದುಂಡು, ಭೂಮಿ ಚೌಕ ಎಂಬ ನಂಬಿಕೆ ತಿಯೆನ್‌ತಾನ್‌ನ ಗೋಡೆಯಲ್ಲೂ ಕಾಣುತ್ತದೆ: ಉತ್ತರದ ತುದಿ ಬಾಗಿದೆ, ದಕ್ಷಿಣದ ಮೂಲೆಗಳು ಚೌಕವಾಗಿವೆ. ಆವರಣದ ವಿಸ್ತಾರ 273 ಹೆಕ್ಟೇರ್, ಅರಮನೆಯ ಹೆಚ್ಚುಕಡಿಮೆ ನಾಲ್ಕು ಪಟ್ಟು. ದೇವರ ಜಾಗ ಮಗನ ಜಾಗಕ್ಕಿಂತ ಚಿಕ್ಕದಾಗುವಂತಿರಲಿಲ್ಲ. ಚಕ್ರವರ್ತಿಯ ಬಿರುದೇ ‘ಆಕಾಶಪುತ್ರ’ ತಾನೆ!

ಜಗಲಿಯ ಕಲ್ಲುಗಳನ್ನು ಎಣಿಸಿದವರಿಗೆ ಲೆಕ್ಕ ಸಿಗುತ್ತದೆ. ನಡುವೆ ಒಂದು ದುಂಡು ಕಲ್ಲು, ಅದರ ಸುತ್ತ 9 ಚಪ್ಪಡಿ, ಅದರಾಚೆಗೆ 18, ಮತ್ತೆ 27. ಮೇಲಿನ ಹಂತದ ಒಂಬತ್ತನೆಯ ಸುತ್ತಿಗೆ 81. ಕೆಳಗಿನ ಎರಡು ಹಂತಗಳಲ್ಲೂ ಇದೇ ಓಟ. ಇಪ್ಪತ್ತೇಳನೆಯ ಸುತ್ತು ಮುಗಿಯುವಾಗ 243. ನಡುಗಲ್ಲನ್ನು ಬಿಟ್ಟು ಒಟ್ಟು 3,402. ಬೆಸಸಂಖ್ಯೆಗಳು ಯಾಂಗ್‌ನವು, ಒಂದಂಕಿಯವುಗಳಲ್ಲಿ ಒಂಬತ್ತೇ ದೊಡ್ಡದು. ಭೂಮಿಯ ಜಗಲಿಯಲ್ಲಾದರೆ ಸಮಸಂಖ್ಯೆಗಳದೇ ರಾಜ್ಯ.

ಆ ನಡುಗಲ್ಲಿನ ಮೇಲೆ ನಿಂತು ಮಾತಾಡಿದರೆ ನಮ್ಮ ದನಿ ನಮಗೇ ತುಂಬಿ ಕೇಳುತ್ತದೆ. ಮೇಲಿನ ಹಂತದ ಅಡ್ಡಗಲ ಸುಮಾರು 24 ಮೀಟರ್. ಬಾಯಿಂದ ಹೊರಟ ದನಿ ಸುತ್ತಲಿನ ಕಲ್ಲು ಕಟಾಂಜನಕ್ಕೆ ಬಡಿದು, ಅಷ್ಟೇ ದೂರ ಕ್ರಮಿಸಿ, ಎಲ್ಲ ಕಡೆಯಿಂದ ಒಟ್ಟಿಗೇ ಮರಳುತ್ತದೆ. ಅದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ನೂರರಲ್ಲಿ ಏಳು ಪಾಲು. ಇಷ್ಟು ಬೇಗ ಮರಳಿದ ಪ್ರತಿಧ್ವನಿಯನ್ನು ಕಿವಿ ಬೇರೆಯಾಗಿ ಗುರುತಿಸುವುದಿಲ್ಲ. ಮೂಲದ ದನಿಯೇ ಗಟ್ಟಿಯಾಯಿತು ಎಂದುಕೊಳ್ಳುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ದೂರಗಳು ಹೊಂದುವುದಿಲ್ಲ, ಮೋಡಿ ಕರಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸುವುದು ಆವರಣದ ಪಶ್ಚಿಮಕ್ಕಿರುವ ಉಪವಾಸಗೃಹ. ಪೂಜೆಗೆ ಮುನ್ನ ಚಕ್ರವರ್ತಿ ಮಾಂಸ, ಮದ್ಯ, ಸಂಗೀತ ಬಿಟ್ಟು ವ್ರತ ಹಿಡಿಯುತ್ತಿದ್ದ ಮನೆ ಅದು. ಅರಮನೆಯಂತೆ ದಕ್ಷಿಣಕ್ಕಲ್ಲ, ಪೂರ್ವಕ್ಕೆ ಮುಖ ಮಾಡಿದೆ. ಹೆಂಚು ರಾಜಯೋಗ್ಯವಾದ ಹಳದಿಯಲ್ಲ, ಹಸಿರು. ಇಲ್ಲಿ ಒಡೆಯ ಬೇರೆ, ಅವನು ಬರೀ ಸೇವಕ. ಹಾಗೆಂದು ಮನುಷ್ಯರ ಭಯ ಬಿಟ್ಟಿರಲಿಲ್ಲ: ಮನೆಯ ಸುತ್ತ ಒಂದಲ್ಲ, ಎರಡು ಕಂದಕ ತೋಡಿಸಿದ್ದಾರೆ. 1731ರಲ್ಲಿ ಯೊಂಗ್‌ಝೆಂಗ್ ಚಕ್ರವರ್ತಿ ಅರಮನೆಯೊಳಗೇ ಇನ್ನೊಂದು ಉಪವಾಸಗೃಹ ಕಟ್ಟಿಸಿಕೊಂಡ. ವ್ರತದ ಹೆಚ್ಚಿನ ಭಾಗ ಅಲ್ಲಿಗೆ ಸ್ಥಳಾಂತರವಾಯಿತು. ಹಳೆಯ ಮನೆಯ ಅಂಗಳದಲ್ಲಿ ಒಂದು ಚಿಕ್ಕ ಕಲ್ಲುಮಂಟಪವಿದೆ. ವ್ರತದ ದಿನಗಳಲ್ಲಿ ಅದರೊಳಗೆ ಒಂದು ಕಂಚಿನ ಬೊಂಬೆಯನ್ನು ನಿಲ್ಲಿಸುತ್ತಿದ್ದರು. ಅದರ ಕೈಯಲ್ಲೊಂದು ಫಲಕ, ಫಲಕದ ಮೇಲೆ ಚಕ್ರವರ್ತಿಗೆ ಕಾಣುವಂತೆ ಬರೆದದ್ದು: ‘ಉಪವಾಸ’.